ಕಡಲು ಕೇಳದೆ ಕೊಟ್ಟ ಎಣ್ಣೆ

1960ರಲ್ಲಿ ಅಮೆರಿಕದ ಮೀನುಮರಿ ಕೇಂದ್ರಗಳ ರೇನ್‌ಬೋ ಟ್ರೌಟ್ ಮೀನುಗಳನ್ನು ಸೀಳಿ ನೋಡಿದವರಿಗೆ ಯಕೃತ್ತಿನ ತುಂಬ ಗೆಡ್ಡೆಗಳು ಕಂಡವು. ಎಲ್ಲೋ ಒಂದೆರಡು ಮೀನಿಗೆ ಬಂದ ಕಾಯಿಲೆ ಆಗಿರಲಿಲ್ಲ ಅದು. ತೊಟ್ಟಿಗೆ ತೊಟ್ಟಿಯೇ ಯಕೃತ್ತಿನ ಕ್ಯಾನ್ಸರಿಗೆ ತುತ್ತಾಗಿತ್ತು. ನೀರು ಕೆಟ್ಟಿತೋ, ವೈರಸ್ ಬಂತೋ, ತಳಿಯೇ ಹಾಗೋ ಎಂದು ಹುಡುಕಾಟ ಶುರುವಾಗಿ ಕೊನೆಗೆ ಬೆರಳು ಮೇವಿನ ಚೀಲದ ಕಡೆ ತಿರುಗಿತು.

ಆ ಚೀಲವೇ ಹೊಸದು. ಅದಕ್ಕೆ ಮುಂಚಿನ ದಶಕಗಳಲ್ಲಿ ಸಾಕುಮೀನಿನ ಊಟವೆಂದರೆ ಕಸಾಯಿಖಾನೆಯ ಉಳಿಕೆ: ಹಸಿ ಯಕೃತ್ತು, ಗುಲ್ಮ, ಕುದುರೆ ಮಾಂಸ. ದಿನವೂ ರುಬ್ಬಬೇಕು, ತೊಟ್ಟಿಗೆ ಸುರಿಯಬೇಕು, ನಾತ ತಡೆಯಬೇಕು. 1950ರ ದಶಕದಲ್ಲಿ ಒಣಗಿದ ಗುಳಿಗೆಯಂಥ ಮೇವು ಬಂದಾಗ ಕೇಂದ್ರಗಳ ಕೆಲಸಗಾರರು ನಿಟ್ಟುಸಿರುಬಿಟ್ಟಿದ್ದರು. ಆ ಗುಳಿಗೆಯಲ್ಲಿ ಹತ್ತಿಬೀಜದ ಹಿಂಡಿ ಇತ್ತು, ಹಿಂಡಿಯಲ್ಲಿ ಬೂಷ್ಟು, ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ. ಅದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಕಡಲೆಕಾಯಿ ಹಿಂಡಿ ತಿಂದ ಸುಮಾರು 1 ಲಕ್ಷ ಟರ್ಕಿಕೋಳಿಗಳನ್ನು ಕೊಂದದ್ದೂ ಇದೇ ವಿಷ. ಕೋಳಿಯ ಕಥೆ ಲೋಕಪ್ರಸಿದ್ಧವಾಯಿತು. ಮೀನಿನ ಕಥೆ ಮೀನಿನವರಲ್ಲೇ ಉಳಿಯಿತು.

ನನಗೆ ಇಲ್ಲಿ ಬೇಕಾಗಿರುವುದು ಕ್ಯಾನ್ಸರ್ ಅಲ್ಲ, ಅದರ ಬೆನ್ನು ಹತ್ತಿದವರು ದಾರಿಯಲ್ಲಿ ಎಡವಿ ಕಂಡುಕೊಂಡ ಇನ್ನೊಂದು ಸಂಗತಿ. ಯಾವ ವಸ್ತು ಕಾಯಿಲೆ ತರುತ್ತದೆಂದು ತೋರಿಸಲು ಕಣಕಣವೂ ಗೊತ್ತಿರುವ ಮೇವು ಬೇಕು. ವಾಷಿಂಗ್ಟನ್ ರಾಜ್ಯದ ಕುಕ್ ಎಂಬಲ್ಲಿ ಜಾನ್ ಹಾಲ್ವರ್ 1950ರ ದಶಕದಲ್ಲೇ ಸಾಲ್ಮನ್ ಮೀನಿಗೆ ಯಾವ ಯಾವ ವಿಟಮಿನ್ ಬೇಕೆಂದು ತಿಳಿಯಲು ಅಂಥ ಶುದ್ಧೀಕರಿಸಿದ ಮೇವನ್ನು ರೂಪಿಸಿದ್ದರು. ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ರಸೆಲ್ ಸಿನ್‌ಹ್ಯೂಬರ್ ಅವರ ತಂಡ ಇದೇ ದಾರಿಯಲ್ಲಿ ಟ್ರೌಟ್ ಸಾಕಿತು. ಹಾಲಿನ ಕೇಸೀನ್, ಜೆಲಟಿನ್, ಪಿಷ್ಟ, ಲವಣ, ವಿಟಮಿನ್, ಜೊತೆಗೆ ಒಂದಿಷ್ಟು ಎಣ್ಣೆ. ಎಲ್ಲವನ್ನೂ ತೂಗಿ ಅಳೆದು ಹಾಕುತ್ತಿದ್ದರು. ಎಣ್ಣೆ ಯಾವುದು ಎಂಬ ಪ್ರಶ್ನೆಗೆ ಮಾತ್ರ ಆ ಕಾಲದ ಪುಸ್ತಕಗಳು ಹೆಚ್ಚು ತಲೆಕೆಡಿಸಿಕೊಂಡಿರಲಿಲ್ಲ. ಎಣ್ಣೆ ಎಂದರೆ ಶಕ್ತಿ, ಉರಿಯುವ ಸೌದೆ. ಯಾವ ಸೌದೆಯಾದರೇನು?

ಆ ಭಾವನೆಗೆ ಮೊದಲ ಪೆಟ್ಟು ಬಿದ್ದದ್ದು ಅದಕ್ಕೂ ಮೂರು ದಶಕ ಹಿಂದೆ, ಮಿನೆಸೋಟಾ ವಿಶ್ವವಿದ್ಯಾಲಯದ ಇಲಿಗಳ ಪಂಜರದಲ್ಲಿ. ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಎಂಬ ದಂಪತಿ ಇಲಿಗಳಿಗೆ ಕೊಬ್ಬಿನ ಲವಲೇಶವೂ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಬಾಲ ಹೊಪ್ಪಳೆ ಎದ್ದು ಬಿರುಕುಬಿಟ್ಟಿತು, ಚರ್ಮ ಸುಲಿಯಿತು, ಮೂತ್ರಪಿಂಡ ಕೆಟ್ಟಿತು, ಬೆಳವಣಿಗೆ ನಿಂತಿತು, ಸಂತಾನವೂ ನಿಂತಿತು. ಎಷ್ಟು ನೀರು ಕುಡಿದರೂ ದಾಹ ತೀರುತ್ತಿರಲಿಲ್ಲ. ದಿನಕ್ಕೆ ಕೆಲವೇ ಹನಿ ಕೊಬ್ಬು ಸೇರಿಸಿದರೆ ಚೇತರಿಸಿಕೊಳ್ಳುತ್ತಿದ್ದವು. 1929 ಮತ್ತು 1930ರಲ್ಲಿ ಅವರು ಪ್ರಕಟಿಸಿದ ಲೇಖನಗಳ ಸಾರ ಇಷ್ಟು: ದೇಹ ತಾನಾಗಿ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಬರಬೇಕಾದ ಕೊಬ್ಬಿನಾಮ್ಲಗಳಿವೆ. ಇಲಿಯ ಮಟ್ಟಿಗೆ ಅದರಲ್ಲಿ ಮುಖ್ಯವಾದದ್ದು ಲಿನೋಲಿಯಿಕ್ ಆಮ್ಲ. ಅನೇಕರು ನಂಬಲಿಲ್ಲ. ಅವರ ಸಹೋದ್ಯೋಗಿ ವಿಲಿಯಂ ಬ್ರೌನ್ ತಾವೇ ಆರು ತಿಂಗಳು ಕೊಬ್ಬಿಲ್ಲದ ಊಟ ಮಾಡಿ ನೋಡಿದರು. ಚರ್ಮ ಸುಲಿಯುವ ಬದಲು, ಬಹುಕಾಲದಿಂದ ಕಾಡುತ್ತಿದ್ದ ಅವರ ಅರೆತಲೆನೋವು ಮಾಯವಾಯಿತು! 1938ರಲ್ಲಿ ಅದೂ ಅಚ್ಚಾಯಿತು. ಮನುಷ್ಯನಿಗೆ ಬೇಕೋ ಬೇಡವೋ ಎಂಬ ವಾದ ಮುಂದೆ ಬಹಳ ವರ್ಷ ನಡೆಯಿತು. ಇಲಿಯ ವಿಷಯದಲ್ಲಿ ಅನುಮಾನ ಉಳಿಯಲಿಲ್ಲ. ಹಾಗಾಗಿ ಯಾವ ಪ್ರಾಣಿಯ ಮೇವಿನ ಲೆಕ್ಕ ಹಾಕುವಾಗಲೂ ಇಲಿಯ ಲೆಕ್ಕವೇ ಮಾದರಿಯಾಯಿತು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕಾಗುತ್ತದೆ. ಅದಕ್ಕೆ ಉತ್ತರ ಕರ್ನಾಟಕದ ಎರಡು ಎಣ್ಣೆಕಾಳು ಸಾಕು. ಕುಸುಬೆ ಎಣ್ಣೆಯಲ್ಲಿ ಹೇರಳವಾಗಿರುವುದು ಲಿನೋಲಿಯಿಕ್ ಆಮ್ಲ. ಅಗಸೆ ಎಣ್ಣೆಯಲ್ಲಿ ಹೇರಳವಾಗಿರುವುದು ಲಿನೋಲೆನಿಕ್ ಆಮ್ಲ. ಎರಡೂ 18 ಇಂಗಾಲದ ಸರಪಳಿಗಳೇ. ಸರಪಳಿಯ ಬಾಲದಿಂದ ಎಣಿಸಿದರೆ ಮೊದಲ ಜೋಡಿಬಂಧ ಕುಸುಬೆಯದರಲ್ಲಿ ಆರನೆಯ ಇಂಗಾಲದಲ್ಲಿ ಬರುತ್ತದೆ, ಅಗಸೆಯದರಲ್ಲಿ ಮೂರನೆಯದರಲ್ಲಿ. ಒಮೆಗಾ-6, ಒಮೆಗಾ-3 ಎಂದು ಈಗ ಔಷಧಿ ಅಂಗಡಿಯ ಡಬ್ಬಿಗಳ ಮೇಲೆ ಕಾಣುವುದು ಇದೇ. ಆ ಜಾಗಗಳಲ್ಲಿ ಜೋಡಿಬಂಧ ಹಾಕುವ ವಿದ್ಯೆ ಗಿಡಗಳಿಗೂ ಪಾಚಿಗಳಿಗೂ ಗೊತ್ತು, ಇಲಿಗಾಗಲಿ ಮೀನಿಗಾಗಲಿ ಗೊತ್ತಿಲ್ಲ. ಆದರೆ ಸಿಕ್ಕಿದ ಸರಪಳಿಯನ್ನು ಉದ್ದ ಮಾಡಿ, ಇನ್ನಷ್ಟು ಬಂಧ ಸೇರಿಸಿ, ಅಗಸೆಯದರಿಂದ 20 ಇಂಗಾಲದ ಇಪಿಎ, 22 ಇಂಗಾಲದ ಡಿಎಚ್‌ಎ ಮಾಡಿಕೊಳ್ಳುವ ಶಕ್ತಿ ಕೆಲವು ಪ್ರಾಣಿಗಳಿಗಿದೆ. ಜೀವಕೋಶದ ಪೊರೆ, ಮಿದುಳು, ಕಣ್ಣು ಎಲ್ಲ ಕೇಳುವುದು ಈ ಉದ್ದದ ಸರಪಳಿಗಳನ್ನು. ಮುಂದಿನ ಕಥೆಯಲ್ಲಿ ಜಗಳವೆಲ್ಲ ಈ ‘ಕೆಲವು’ ಎಂಬುದರ ಮೇಲೆ.

ಇಲಿಯ ಲೆಕ್ಕವನ್ನು ನಂಬಿ ಮೆಕ್ಕೆಜೋಳದ ಎಣ್ಣೆ ಹಾಕಿದರೆ ಟ್ರೌಟ್ ಸರಿಯಾಗಿ ಬೆಳೆಯಲೊಲ್ಲದು. ಅದರಲ್ಲಿ ಲಿನೋಲಿಯಿಕ್ ಆಮ್ಲಕ್ಕೇನೂ ಬರವಿಲ್ಲ. ಕೊಬ್ಬಿಲ್ಲದ ಮೇವು ತಿಂದ ಚಿನೂಕ್ ಸಾಲ್ಮನ್ ಮರಿಗಳು ಬಣ್ಣಗೆಡುವುದನ್ನು 1962ರಲ್ಲೇ ವರದಿ ಮಾಡಿದ್ದರು. ಜಪಾನಿನಲ್ಲಿ 1966ರಲ್ಲಿ ಟ್ರೌಟ್ ಮೇಲೆ ಲಿನೋಲೆನಿಕ್ ಆಮ್ಲದ ಪ್ರಯೋಗ ನಡೆದಿತ್ತು. 1967ರಲ್ಲಿ ಸಿನ್‌ಹ್ಯೂಬರ್ ತಂಡ ಎರಡು ಬಗೆಯ ಆಮ್ಲಗಳ ಅನುಪಾತ ಬದಲಾದಂತೆ ಟ್ರೌಟ್ ಬೆಳವಣಿಗೆಯೂ ಬದಲಾಗುತ್ತದೆ ಎಂದು ಬರೆಯಿತು. ಅದೇ ತಂಡದ ಜಾನ್ ಕ್ಯಾಸ್ಟೆಲ್ 1972ರಲ್ಲಿ ಪ್ರಕಟಿಸಿದ ಸರಣಿ ಲೇಖನಗಳು ವಿಷಯವನ್ನು ಇತ್ಯರ್ಥ ಮಾಡಿದವು. ಲಿನೋಲೆನಿಕ್ ಆಮ್ಲ ಸಿಗದ ಟ್ರೌಟ್‌ಗಳ ರೆಕ್ಕೆಯ ಅಂಚು ಕೊಳೆಯಿತು, ಯಕೃತ್ತು ಊದಿ ಬಿಳಿಚಿತು, ಹೃದಯದ ಸ್ನಾಯು ಹದಗೆಟ್ಟಿತು. ಎಲ್ಲಕ್ಕಿಂತ ವಿಚಿತ್ರವಾದದ್ದು ಮೂರ್ಛೆ. ಮೀನನ್ನು ತೂಕಕ್ಕೆಂದು ಎತ್ತಿ ಗಾಬರಿಪಡಿಸಿದರೆ ಒಮ್ಮೆ ರಭಸವಾಗಿ ಈಜಿ, ಆಮೇಲೆ ಸತ್ತಂತೆ ತೇಲುತ್ತಿತ್ತು. ಮೇವಿನ ತೂಕದಲ್ಲಿ ಶೇ. 1ರಷ್ಟು ಲಿನೋಲೆನಿಕ್ ಆಮ್ಲ ಸೇರಿಸಿದರೆ ಇದೆಲ್ಲ ಇಲ್ಲ.

ಅಂದರೆ ಇಲಿಗೆ ಕುಸುಬೆ ಸಾಕು, ಟ್ರೌಟಿಗೆ ಅಗಸೆ ಬೇಕು. ತಣ್ಣೀರಿನಲ್ಲಿ ಬದುಕುವ ಪ್ರಾಣಿಯ ಜೀವಕೋಶದ ಪೊರೆ ಹೆಪ್ಪುಗಟ್ಟದೆ ಸಡಿಲವಾಗಿರಲು ಹೆಚ್ಚು ಜೋಡಿಬಂಧಗಳ ಕೊಬ್ಬು ಬೇಕಾಗುತ್ತದೆ ಎಂಬ ವಿವರಣೆಯೂ ಕೈಗೆ ಸಿಕ್ಕಿತು. ಹತ್ತಿಬೀಜದ ವಿಷಯದಲ್ಲೂ ಈ ತಂಡಕ್ಕೆ ಇನ್ನೊಂದು ಎಳೆ ದೊರಕಿತ್ತು: ಹತ್ತಿಬೀಜದ ಎಣ್ಣೆಯಲ್ಲೇ ಇರುವ ಒಂದು ಅಪರೂಪದ ಬಗೆಯ ಕೊಬ್ಬಿನಾಮ್ಲ ಅಫ್ಲಾಟಾಕ್ಸಿನ್‌ನ ಕ್ಯಾನ್ಸರಿಗೆ ಕುಮ್ಮಕ್ಕು ಕೊಡುತ್ತದೆ. ಕೊಬ್ಬು ಬರೀ ಸೌದೆ ಎಂದವರಿಗೆ ಎರಡೂ ಕಡೆಯಿಂದ ಉತ್ತರ ಸಿಕ್ಕಂತಾಯಿತು.

ಟ್ರೌಟಿನ ಈ ಲೆಕ್ಕ ಪುಸ್ತಕ ಸೇರುವಷ್ಟರಲ್ಲೇ ಸ್ಕಾಟ್ಲೆಂಡಿನ ಆಬರ್‌ಡೀನ್‌ನಲ್ಲಿ ಅದು ತಪ್ಪತೊಡಗಿತು. ಅಲ್ಲಿಯ ಸಮುದ್ರ ಜೀವರಸಾಯನ ಸಂಸ್ಥೆಯಲ್ಲಿ ಕೋವಿ, ಓವನ್, ಏಡ್ರನ್ ಮೊದಲಾದವರು ಟರ್ಬಟ್ ಎಂಬ ಚಪ್ಪಟೆ ಮೀನನ್ನು ಸಾಕುತ್ತಿದ್ದರು. ಟ್ರೌಟ್ ಸಿಹಿನೀರಿನದು, ಟರ್ಬಟ್ ಅಪ್ಪಟ ಕಡಲಿನದು. ಲಿನೋಲೆನಿಕ್ ಆಮ್ಲ ಕೊಟ್ಟರೂ ಟರ್ಬಟ್ ಸೊರಗಿತು. ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟಾಗ ಬೆಳೆಯಿತು. ವಿಕಿರಣದ ಗುರುತು ಹಾಕಿದ ಆಮ್ಲವನ್ನು ತಿನ್ನಿಸಿ ಅದು ಮೈಯೊಳಗೆ ಏನಾಗುತ್ತದೆಂದು ಹಿಂಬಾಲಿಸಿದರು. ಟ್ರೌಟಿನ ದೇಹ 18 ಇಂಗಾಲದ ಸರಪಳಿಯನ್ನು ಬಹುಪಾಲು ಡಿಎಚ್‌ಎ ಆಗಿ ಮಾರ್ಪಡಿಸಿತ್ತು. ಟರ್ಬಟ್ ಮೈಯಲ್ಲಿ ಅಂಥ ಬದಲಾವಣೆ ಅತ್ಯಲ್ಪ. ಇದು 1975ರ ಫಲಿತಾಂಶ. ಅದೇ ವರ್ಷ ಬೇರೆ ವಿಜ್ಞಾನಿಗಳು ಬೆಕ್ಕಿನ ಬಗ್ಗೆ ಇಂಥದೇ ಸಂಗತಿ ಪ್ರಕಟಿಸಿದರು: ಬೆಕ್ಕಿಗೂ ಈ ಸರಪಳಿ ಉದ್ದ ಮಾಡುವ ಕಸುಬು ಬರುವುದಿಲ್ಲ. ತಲೆತಲಾಂತರದಿಂದ ಇನ್ನೊಂದು ಪ್ರಾಣಿಯನ್ನೇ ತಿಂದು ಬದುಕಿದವರಿಗೆ ಬೇಟೆಯ ಮೈಯಲ್ಲೇ ತಯಾರಾದ ಮಾಲು ಸಿಗುತ್ತಿತ್ತು. ಮನೆಯಲ್ಲಿ ಮಾಡುವ ಅಗತ್ಯ ಬೀಳಲಿಲ್ಲ, ವಿದ್ಯೆ ಮರೆತುಹೋಯಿತು. ಕಡಲಿನ ಬೇಟೆಗಾರ ಮೀನೂ ಒಲೆಯ ಪಕ್ಕದ ಬೆಕ್ಕೂ ಒಂದೇ ಕುಲವಾದದ್ದು ಹೀಗೆ.

ಆಬರ್‌ಡೀನ್‌ನಲ್ಲಿ ಇದು ಪ್ರಯೋಗಶಾಲೆಯ ಪ್ರಶ್ನೆ. ಜಪಾನಿನಲ್ಲಿ ಅನ್ನದ ಪ್ರಶ್ನೆ.

ಜಪಾನಿನ ಕಡಲ ಮೀನುಸಾಕಣೆ ಹಳೆಯದು. 1928ರಲ್ಲೇ ಕಾಗಾವಾ ಪ್ರಾಂತದ ಅಡೋಇಕೆ ಎಂಬ ಕೊಳದಲ್ಲಿ ನೋಅಮಿ ವಾಸಾಬುರೊ ಹಮಾಚಿ ಮೀನನ್ನು ಕೂಡಿಹಾಕಿ ಸಾಕಿದ್ದರು. ಆದರೆ ಹಮಾಚಿಯ ಮರಿಗಳನ್ನು ಕಡಲಿನಿಂದಲೇ ಹಿಡಿದು ತರಬೇಕು. ಹಬ್ಬಹರಿದಿನದ ಊಟಕ್ಕೆ ಬೇಕೇಬೇಕಾದ ಕೆಂಪು ಮೀನು ಮದಾಯಿಯನ್ನು ಮೊಟ್ಟೆಯಿಂದಲೇ ಬೆಳೆಸುವ ಆಸೆ 1960ರ ದಶಕದಲ್ಲಿ ಬಲವಾಯಿತು. ಮೊಟ್ಟೆ ಸಿಕ್ಕಿತು, ಒಡೆದು ಮರಿಯೂ ಹೊರಬಂತು. ಊಟವೇ ದೊಡ್ಡ ತೊಡಕು. ಸಾಲ್ಮನ್, ಟ್ರೌಟ್ ಮರಿಗಳು ದೊಡ್ಡ ಮೊಟ್ಟೆಯಿಂದ ಬುತ್ತಿ ಕಟ್ಟಿಕೊಂಡು ಬಂದು ಬೇಗನೆ ಗುಳಿಗೆ ತಿನ್ನುತ್ತವೆ. ಕಡಲ ಮೀನಿನ ಮರಿ ಹಾಗಲ್ಲ. ಕೂದಲೆಳೆಯಂಥ ಮೈ, ಸೂಜಿಮೊನೆಯಷ್ಟು ಬಾಯಿ, ಕೆಲವೇ ದಿನದಲ್ಲಿ ಖಾಲಿಯಾಗುವ ಬಂಡಾರ. ಕಣ್ಣೆದುರು ಅಲ್ಲಾಡುವ, ಬಾಯಿಗೆ ಹಿಡಿಸುವ ಜೀವವೇ ಬೇಕು.

ಆ ಜೀವ ಸಿಕ್ಕಿದ್ದು ಹಾವುಮೀನು ಸಾಕುವವರ ಕೊಳಗಳಲ್ಲಿ. ಅಲ್ಲಿ ಒಮ್ಮೊಮ್ಮೆ ಹಸಿರು ನೀರು ಇದ್ದಕ್ಕಿದ್ದಂತೆ ಬಣ್ಣ ಕಳೆದುಕೊಂಡು ಮೀನು ಒದ್ದಾಡುತ್ತಿದ್ದವು. ಪಾಚಿಯನ್ನೆಲ್ಲ ನುಂಗಿ ಈ ಉಪದ್ರವ ಮಾಡುತ್ತಿದ್ದದ್ದು ರೋಟಿಫರ್ ಎಂಬ, ಮಿಲಿಮೀಟರಿನ ಕಾಲುಭಾಗದಷ್ಟಿರುವ ಜಲಜೀವಿ. ಈ ಪೀಡೆಯನ್ನೇ ಮೀನುಮರಿಗೆ ಊಟವಾಗಿ ಕೊಡಬಹುದು ಎಂದು 1960ರಲ್ಲಿ ತೋರಿಸಿದವರು ಇತೊ ತಕಾಶಿ. ಅಲ್ಲಿಂದ ಮುಂದೆ ಜಪಾನಿನ ಮರಿ ಕೇಂದ್ರಗಳ ಚಿತ್ರ ಇದು: ಒಂದು ಸಾಲಿನ ದೊಡ್ಡ ತೊಟ್ಟಿಗಳಲ್ಲಿ ‘ಕಡಲ ಕ್ಲೋರೆಲ್ಲಾ’ ಎಂದು ಕರೆಯುತ್ತಿದ್ದ ಹಸಿರು ಪಾಚಿ, ಅದನ್ನು ತಿನ್ನುವ ರೋಟಿಫರ್‌ಗಳದ್ದು ಇನ್ನೊಂದು ಸಾಲು, ಅವನ್ನು ತಿನ್ನುವ ಮದಾಯಿ ಮರಿಗಳದ್ದು ಮತ್ತೊಂದು. ಆ ಪಾಚಿ ಕ್ಲೋರೆಲ್ಲಾವೇ ಅಲ್ಲ, ನ್ಯಾನೊಕ್ಲೋರಾಪ್ಸಿಸ್ ಎಂಬ ಬೇರೆ ಕುಲದ್ದು ಎಂದು 1980ರ ದಶಕದಲ್ಲಿ ತಿಳಿಯಿತು. ಅಷ್ಟರಲ್ಲಿ ಅದು ತನ್ನ ಕೆಲಸ ಮಾಡಿ ಮುಗಿಸಿತ್ತು.

ಪಾಚಿ ಬೆಳೆಸುವುದು ರೇಜಿಗೆಯ ಕೆಲಸ. ಮೋಡ ಕವಿದರೆ ಬೆಳೆಯದು, ಮಳೆ ಬಂದರೆ ಕೆಡುತ್ತದೆ, ರೋಟಿಫರ್ ತೊಟ್ಟಿಗಿಂತ ಎಷ್ಟೋ ಪಾಲು ದೊಡ್ಡ ತೊಟ್ಟಿಗಳು ಬೇಕು. 1967ರಲ್ಲಿ ಹಿರಾತ ಮತ್ತು ಮೋರಿ ಎಂಬಿಬ್ಬರು ಅಗ್ಗದ ಉಪಾಯ ಕಂಡುಕೊಂಡರು. ಬೇಕರಿಯಲ್ಲಿ ಬ್ರೆಡ್ ಹುದುಗಿಸುವ ಯೀಸ್ಟ್ ಕೊಟ್ಟರೂ ರೋಟಿಫರ್ ಬೆಳೆಯುತ್ತದೆ. ಬೆಳೆಯುವುದಷ್ಟೇ ಅಲ್ಲ, ಪಾಚಿಯ ತೊಟ್ಟಿಯಲ್ಲಿ ಕಾಣದಷ್ಟು ದಟ್ಟವಾಗಿ ಹೆಚ್ಚುತ್ತದೆ. ಬಿಸಿಲಿನ ಹಂಗಿಲ್ಲ, ಚೀಲ ಬಿಚ್ಚಿ ಸುರಿದರೆ ಮುಗಿಯಿತು. ಕೇಂದ್ರಗಳು ಒಂದೊಂದಾಗಿ ಯೀಸ್ಟಿಗೆ ಒಲಿದವು.

ಆಮೇಲೆ ಶುರುವಾಯಿತು ಸಾವು. ಮರಿಗಳು ತಿನ್ನುತ್ತಿದ್ದವು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಟ್ಟೆ ತುಂಬ ರೋಟಿಫರ್. ಆದರೂ ಒಂದು ದಿನ ತೊಟ್ಟಿಗೆ ತೊಟ್ಟಿಯೇ ಸತ್ತು ತಳ ಸೇರುತ್ತಿತ್ತು. ಬದುಕಿದವುಗಳಲ್ಲೂ ಕಸುವಿಲ್ಲ, ಗಾಳಿಚೀಲ ಸರಿಯಾಗಿ ಊದಿಕೊಂಡಿರುತ್ತಿರಲಿಲ್ಲ. ರೋಗಾಣುವಿಗಾಗಿ ಹುಡುಕಿದರು. ಯೀಸ್ಟ್ ವಿಷವೇ ಎಂದು ಅನುಮಾನಿಸಿದರು. ಪ್ರೊಟೀನ್ ಲೆಕ್ಕ ಹಾಕಿದರೆ ಯೀಸ್ಟ್ ತಿಂದ ರೋಟಿಫರ್ ಪಾಚಿ ತಿಂದದ್ದಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ. ದಾರಿ ತೋರಿದ್ದು ಮರಿ ಕೇಂದ್ರದ ಕೆಲಸದ ಅನುಭವವೇ: ಯೀಸ್ಟಿನಲ್ಲಿ ಬೆಳೆದ ರೋಟಿಫರನ್ನು ಮೀನಿಗೆ ಹಾಕುವ ಮುನ್ನ ಕೆಲವು ಗಂಟೆ ಹಸಿರು ನೀರಿನಲ್ಲಿ ಬಿಟ್ಟರೆ ಮರಿಗಳು ಸಾಯುತ್ತಿರಲಿಲ್ಲ. ಅಷ್ಟು ಹೊತ್ತಿನಲ್ಲಿ ರೋಟಿಫರ್ ಪಾಚಿಯಿಂದ ಏನೋ ಒಂದನ್ನು ತುಂಬಿಕೊಳ್ಳುತ್ತಿತ್ತು.

ಆ ‘ಏನೋ’ ಯಾವುದೆಂದು ಹೇಳಿದವರು ಟೋಕಿಯೊ ಮೀನುಗಾರಿಕೆ ವಿಶ್ವವಿದ್ಯಾಲಯದ ವತನಬೆ ತಕೇಶಿ ಮತ್ತು ನಾಗಸಾಕಿಯ ಪ್ರಾಂತೀಯ ಮೀನುಗಾರಿಕೆ ಪ್ರಯೋಗಕೇಂದ್ರದ ಕಿತಾಜಿಮ ಮತ್ತು ಫುಜಿತ. ಪಾಚಿ ತಿಂದ ರೋಟಿಫರಿನ ಕೊಬ್ಬಿನಲ್ಲಿ ಇಪಿಎ ತುಂಬಿತ್ತು. ಯೀಸ್ಟ್ ತಿಂದದ್ದರಲ್ಲಿ ಅದು ನಾಮಮಾತ್ರ. ಯೀಸ್ಟಿಗೆ ಇಂಥ ಉದ್ದ ಸರಪಳಿಗಳನ್ನು ಮಾಡಲು ಬರುವುದಿಲ್ಲ. ಟರ್ಬಟ್ ಹಾಗೆ ಮದಾಯಿಗೂ ಬರುವುದಿಲ್ಲ. ನಡುವಿನ ರೋಟಿಫರ್ ಬರಿಯ ಕೈಚೀಲ. ಏನು ತುಂಬಿದರೆ ಅದನ್ನೇ ಮರಿಯ ಹೊಟ್ಟೆಗೆ ದಾಟಿಸುತ್ತದೆ.

ಕಾರಣ ತಿಳಿದ ಮೇಲೆ ಪರಿಹಾರಗಳು ಚುರುಕಾಗಿ ಬಂದವು. ಜಪಾನೀಯರ ಜಾಣತನ ನನಗೆ ಅತಿ ಹೆಚ್ಚು ಮೆಚ್ಚುಗೆಯಾಗುವುದು ಇಲ್ಲೇ. ಹಳೆಯ ಪಾಚಿ ತೊಟ್ಟಿಗೆ ಮರಳಿ ಎಂದು ಉಪದೇಶ ಮಾಡದೆ, ಯೀಸ್ಟ್ ಬೆಳೆಯುವ ಕಷಾಯಕ್ಕೇ ಕಟಲ್‌ಫಿಶ್‌ನ ಯಕೃತ್ತಿನ ಎಣ್ಣೆ ಬೆರೆಸಿ ‘ಒಮೆಗಾ ಯೀಸ್ಟ್’ ತಯಾರಿಸಿದರು. ಯೀಸ್ಟ್ ಎಣ್ಣೆ ಹೀರಿತು, ರೋಟಿಫರ್ ಯೀಸ್ಟ್ ತಿಂದಿತು, ಮರಿ ರೋಟಿಫರ್ ತಿಂದಿತು. ಇನ್ನೂ ನೇರವಾದ ದಾರಿಯೆಂದರೆ ಮೀನೆಣ್ಣೆಯನ್ನು ಮೊಟ್ಟೆಯ ಹಳದಿಯ ಜೊತೆ ಕಡೆದು ಹಾಲಿನಂತೆ ಮಾಡಿ ರೋಟಿಫರಿನ ನೀರಿಗೇ ಸುರಿಯುವುದು. 1983ರಲ್ಲಿ ಮೂವರೂ ಸೇರಿ ಬರೆದ ಸಮೀಕ್ಷೆ ಈ ಇಡೀ ಅಧ್ಯಾಯವನ್ನು ಜಗತ್ತಿನ ಮುಂದಿಟ್ಟಿತು. ಮೆಡಿಟರೇನಿಯನ್ ತೀರದ ಸೀಬಾಸ್, ಸೀಬ್ರೀಮ್ ಸಾಕಣೆ ಎದ್ದು ನಿಂತದ್ದು ಈ ಪಾಠಗಳ ಮೇಲೆ.

ರೋಟಿಫರಿನ ನಂತರದ ಊಟ ಆರ್ಟೀಮಿಯಾ. ಉಪ್ಪಿನ ಕೆರೆಗಳಲ್ಲಿ ಬೆಳೆಯುವ ಈ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆಗಳನ್ನು ಒಣಗಿಸಿ ಡಬ್ಬಿಯಲ್ಲಿ ಮಾರುತ್ತಾರೆ. ಬೇಕೆಂದಾಗ ಉಪ್ಪುನೀರಿಗೆ ಹಾಕಿದರೆ ಒಂದೆರಡು ದಿನದಲ್ಲಿ ಮರಿ ಹೊರಬರುತ್ತದೆ. ಒಂದು ಡಬ್ಬಿಯದು ತಿಂದ ಮೀನು ಬದುಕುತ್ತಿತ್ತು, ಇನ್ನೊಂದರದು ತಿಂದದ್ದು ಸಾಯುತ್ತಿತ್ತು; ಹೊರಗಿನಿಂದ ವ್ಯತ್ಯಾಸವೇ ಕಾಣದು. ವತನಬೆ ತಂಡ 1978ರ ಹೊತ್ತಿಗೆ ಇಲ್ಲೂ ಇಪಿಎಯನ್ನೇ ಬೊಟ್ಟುಮಾಡಿ ತೋರಿಸಿತು. ಇಪಿಎ ಇರುವ ‘ಕಡಲ ಬಗೆ’, ಇಲ್ಲದ ‘ಸಿಹಿನೀರ ಬಗೆ’ ಎಂದು ಡಬ್ಬಿಗಳನ್ನೇ ವಿಂಗಡಿಸಿದರು. ಆರ್ಟೀಮಿಯಾಕ್ಕೆ ಇನ್ನೊಂದು ದುರ್ಗುಣವಿದೆ. ಅದಕ್ಕೆ ಡಿಎಚ್‌ಎ ತುಂಬಿಸಿದರೆ ಸುಮ್ಮನೆ ಇಟ್ಟುಕೊಳ್ಳದೆ ಅದನ್ನು ಮುರಿದು ಇಪಿಎ ಮಾಡಿಕೊಳ್ಳುತ್ತದೆ. ಮರಿಗೆ ಇಪಿಎಗಿಂತ ಡಿಎಚ್‌ಎ ಹೆಚ್ಚು ಬೇಕು ಎಂಬುದು 1980ರ ದಶಕದ ಕೊನೆಗೆ ಸ್ಪಷ್ಟವಾದಾಗ ಇದು ದೊಡ್ಡ ತಲೆನೋವಾಯಿತು. ಚಪ್ಪಟೆ ಮೀನುಗಳ ಮರಿಗಳು ಆರ್ಟೀಮಿಯಾ ತಿಂದು ಮೈಮೇಲೆ ಬಿಳಿ ಕಲೆ ಹೊತ್ತು ಬೆಳೆದವು. ಅಂಥ ಮೀನಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಡಿಎಚ್‌ಎ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ನನಗೆ ಗೊತ್ತಿರುವ ಸೊಗಸಾದ ಪುರಾವೆ 1995ರದು. ಜಾನ್ ಸಾರ್ಜೆಂಟ್ ಅವರ ಸ್ಕಾಟ್ಲೆಂಡ್ ತಂಡ ಹೆರಿಂಗ್ ಮರಿಗಳಿಗೆ ಡಿಎಚ್‌ಎ ಕೊರತೆಯ ಊಟ ಕೊಟ್ಟಿತು. ಹಗಲಿನ ಬೆಳಕಿನಲ್ಲಿ ಅವು ಚೆನ್ನಾಗಿಯೇ ಬೇಟೆಯಾಡಿದವು. ಬೆಳಕು ಮಂದವಾದಾಗ ಬೇಟೆ ಕಾಣದೆ ತಡವರಿಸಿದವು. ಮಂದ ಬೆಳಕನ್ನು ಹಿಡಿಯುವ ಕಣ್ಣಿನ ಕೋಶಗಳ ಪೊರೆಗೆ ಡಿಎಚ್‌ಎಯೇ ಹೂರಣ. ಅದಿಲ್ಲದ ಮೀನು ಸಂಜೆಗುರುಡಾಗುತ್ತದೆ.

ಹಾಗಾದರೆ ನಮ್ಮ ಕೆರೆಗಳ ಕಾಟ್ಲಾ, ರೋಹು ಸಾಕುವವರಿಗೆ ಇದಾವುದೂ ಏಕೆ ಗೊತ್ತಾಗಲಿಲ್ಲ? ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಕಲಸಿ ಹಾಕಿದರೆ ಮೀನು ಬೆಳೆಯುತ್ತದಲ್ಲ! ಹಿಂಡಿ, ತೌಡಿನಲ್ಲಿ ಒಮೆಗಾ-3 ಇಲ್ಲವೆಂದೇ ಹೇಳಬೇಕು. ಆದರೆ ಅದೇ ಕೆರೆಗೆ ಸಗಣಿ ಗೊಬ್ಬರವೂ ಬೀಳುತ್ತದೆ, ಸಗಣಿಯಿಂದ ನೀರು ಹಸಿರಾಗುತ್ತದೆ, ಆ ಹಸಿರೇ ಕೊರತೆ ತುಂಬುತ್ತದೆ. ಜೊತೆಗೆ ಕಾರ್ಪ್ ಜಾತಿಯ ಮೀನು ತನ್ನ ಯಕೃತ್ತಿನಲ್ಲಿ ಸರಪಳಿ ಉದ್ದ ಮಾಡಬಲ್ಲದು. ಸಾಮಾನ್ಯ ಗೆಂಡೆಗೆ ಎರಡೂ ಬಗೆಯ ಆಮ್ಲ ಶೇ. 1ರಂತೆ ಬೇಕೆಂದು ತಕೆಉಚಿ ಮತ್ತು ವತನಬೆ 1977ರಲ್ಲಿ ಲೆಕ್ಕ ಕೊಟ್ಟರು. ತಿಲಾಪಿಯಾ ಇಲಿಯ ಹಾಗೆ ಒಮೆಗಾ-6 ಕಡೆಗೇ ಹೆಚ್ಚು ವಾಲಿತು. ಒಂದೊಂದು ಮೀನಿನದು ಒಂದೊಂದು ಲೆಕ್ಕ. ಹಿಂದಿನ ತೊಟ್ಟಿಯ ಉತ್ತರ ಮುಂದಿನ ತೊಟ್ಟಿಗೆ ಹೊಂದಿದ್ದೇ ಕಡಿಮೆ.

ಕಡಲ ಮೀನಿಗೆ ಈ ಎಣ್ಣೆ ಮೂಲದಲ್ಲಿ ಬರುವುದು ಎಲ್ಲಿಂದ ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ ಹೇಳುತ್ತದೆ. ಮಂಗಳೂರು ಉಡುಪಿಯವರು ಬೂತಾಯಿ, ಕಾರವಾರದವರು ತಾರ್ಲೆ ಎನ್ನುವ ಮೀನನ್ನೇ ನೋಡಿ. 1905ರ ನಂತರ ಮದ್ರಾಸ್ ಪ್ರಾಂತದ ಮೀನುಗಾರಿಕೆಯ ಹೊಣೆ ಹೊತ್ತ ಸರ್ ಫ್ರೆಡರಿಕ್ ನಿಕೋಲ್ಸನ್, ಬೂತಾಯಿಯನ್ನು ಕೊಳೆಯಲು ಬಿಟ್ಟು ಎಣ್ಣೆ ತೆಗೆಯುತ್ತಿದ್ದವರಿಗೆ ತಾಜಾ ಇರುವಾಗಲೇ ಬೇಯಿಸಿ ಹಿಂಡುವ ಕ್ರಮ ಕಲಿಸಲು ಮಲಬಾರಿನ ತಾನೂರಿನಲ್ಲಿ ಕೇಂದ್ರ ತೆರೆದರು. ಆಗ ದಕ್ಷಿಣ ಕನ್ನಡವೂ ಅದೇ ಪ್ರಾಂತದ್ದು. ಎಣ್ಣೆ ದೋಣಿಯ ಹಲಗೆಗೆ, ಉಳಿದ ಹಿಂಡಿ ತೋಟದ ಗೊಬ್ಬರಕ್ಕೆ. ಬೂತಾಯಿಯ ಮೈಯಲ್ಲಿ ಅಷ್ಟು ಎಣ್ಣೆ ಎಲ್ಲಿಯದು? 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು ಫ್ರಾಜಿಲೇರಿಯಾ ಎಂಬ ಡಯಾಟಮ್ ಪಾಚಿ ಕಡಲಲ್ಲಿ ಹೆಚ್ಚಿದಾಗ ಬೂತಾಯಿಯೂ ಹೆಚ್ಚುತ್ತದೆ ಎಂದು ತೋರಿಸಿದ್ದರು. ಮಳೆಗಾಲದಲ್ಲಿ ಕಡಲ ತಳದ ತಂಪುನೀರು ಮೇಲೆದ್ದು ಪಾಚಿ ದಟ್ಟವಾಗುತ್ತದೆ. ಬೂತಾಯಿ ಅದನ್ನು ಸೋಸಿ ತಿನ್ನುತ್ತದೆ. ಇಪಿಎ ಮಾಡುವುದು ಡಯಾಟಮ್. ಬೂತಾಯಿ ಅದನ್ನು ಕೂಡಿಡುವ ಕಣಜ ಮಾತ್ರ.

ಇಂಥದೇ ಕಣಜ ಪೆರುವಿನ ಕಡಲಲ್ಲೂ ಇದೆ. ಆದರೆ ಅದರ ಗಾತ್ರವೇ ಬೇರೆ. ಅಲ್ಲಿಯ ಆಂಚೋವೆಟಾ ಮೀನಿನ ಹಿಡಿತ 1970ರಲ್ಲಿ 1 ಕೋಟಿ 20 ಲಕ್ಷ ಟನ್ ದಾಟಿತು; ಜಗತ್ತಿನ ಯಾವ ಮೀನುಗಾರಿಕೆಯೂ ಒಂದೇ ಜಾತಿಯ ಮೀನಿನಲ್ಲಿ ಅಲ್ಲಿಯವರೆಗೆ ಅಷ್ಟು ಕಂಡಿರಲಿಲ್ಲ. 1972ರಲ್ಲಿ ಎಲ್ ನಿನ್ಯೊ ಬಂದು ತಂಪುನೀರು ಮೇಲೇಳುವುದು ನಿಂತಿತು. 1973ರ ಹಿಡಿತ 20 ಲಕ್ಷ ಟನ್ನನ್ನೂ ಮುಟ್ಟಲಿಲ್ಲ. ಆ ಮೀನನ್ನು ಒಣಗಿಸಿ ಪುಡಿಮಾಡಿದ ಫಿಶ್‌ಮೀಲ್ ಆ ಕಾಲಕ್ಕೆ ಹೋಗುತ್ತಿದ್ದದ್ದು ಕೋಳಿ, ಹಂದಿಗಳ ಮೇವಿಗೆ. ಮೀನೆಣ್ಣೆ ಜಲಜನಕ ಹಾಯಿಸಿ ಗಟ್ಟಿಮಾಡಿದ ಮಾರ್ಗರಿನ್ ಆಗಿ ಯುರೋಪಿನವರ ಬ್ರೆಡ್ಡಿಗೆ. ಹಾಗೆ ಗಟ್ಟಿಮಾಡುವಾಗ ಈಗ ನಾವು ಮಾತ್ರೆಗಳಲ್ಲಿ ಕೊಳ್ಳುವ ಒಮೆಗಾ-3 ಎಲ್ಲ ನಾಶವಾಗುತ್ತಿತ್ತು ಎನ್ನುವುದು ನೆನೆದರೆ ನಗು ಬರುತ್ತದೆ. ಅಗ್ಗದ ಎಣ್ಣೆ, ಯಾರೂ ಕೇಳುವವರಿಲ್ಲ.

ಕೇಳುವವರು ನಾರ್ವೆಯಿಂದ ಬಂದರು. 1970ರಲ್ಲಿ ಹಿತ್ರಾ ದ್ವೀಪದ ಗ್ರಾಂಟ್ವೆಟ್ ಸಹೋದರರು, ಸಿವರ್ಟ್ ಮತ್ತು ಓವೆ, ಸುಮಾರು 20,000 ಸಾಲ್ಮನ್ ಮರಿಗಳನ್ನು ತೇಲುವ ಪಂಜರದಲ್ಲಿ ಬಿಟ್ಟು ಬೆಳೆಸಿದರು. ಎರಡು ದಶಕದಲ್ಲಿ ಅದು ದೇಶದ ದೊಡ್ಡ ಉದ್ಯಮವಾಯಿತು. ಸಾಲ್ಮನ್ ಬೇಗ ಬೆಳೆಯಲು ಮೇವಿಗೆ ಎಣ್ಣೆ ಹೆಚ್ಚಿಸುತ್ತ ಹೋದರು. 1990ರ ದಶಕದಲ್ಲಿ ಮೇವಿನ ಮೂರನೆಯ ಒಂದು ಪಾಲಿನಷ್ಟು ಬರಿ ಕೊಬ್ಬಾಯಿತು. 1990ರಲ್ಲಿ ನಾರ್ವೆಯ ಸಾಲ್ಮನ್ ಮೇವಿನ ಸುಮಾರು ಶೇ. 90 ಭಾಗ ಕಡಲಿನದೇ. 2006ರ ಹೊತ್ತಿಗೆ ಜಗತ್ತಿನ ಮೀನೆಣ್ಣೆಯ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಮೀನುಸಾಕಣೆಯೇ ನುಂಗುತ್ತಿತ್ತು. ಮೀನೆಣ್ಣೆಯ ಒಟ್ಟು ಉತ್ಪಾದನೆ ವರ್ಷಕ್ಕೆ 10 ಲಕ್ಷ ಟನ್ನಿನ ಆಸುಪಾಸಿನಲ್ಲೇ ನಿಂತಿದೆ. 2000ದಲ್ಲಿ ರೋಸಮಂಡ್ ನೇಲರ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಮೀನು ಸಾಕಲು ಮೀನು ಹಿಡಿಯುವ ಈ ವ್ಯಾಪಾರದ ಲೆಕ್ಕ ಕೇಳಿದರು. 2004ರಲ್ಲಿ ‘ಸೈನ್ಸ್’ನಲ್ಲಿ ಇನ್ನೊಂದು ತಂಡ, ಸಾಕಿದ ಸಾಲ್ಮನ್‌ನಲ್ಲಿ ಡಯಾಕ್ಸಿನ್‌ನಂಥ ವಿಷಗಳು ಕಾಡುಸಾಲ್ಮನ್‌ಗಿಂತ ಹೆಚ್ಚಿವೆ, ಅವು ಬಂದದ್ದು ಮೀನೆಣ್ಣೆಯಿಂದ ಎಂದಿತು.

ಅಷ್ಟರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಗಾರ್ಡನ್ ಬೆಲ್, ಡಗ್ಲಸ್ ಟೋಚರ್ ಮೊದಲಾದವರು ಸಾಸಿವೆ ಕುಲದ ರೇಪ್‌ಸೀಡ್ ಎಣ್ಣೆಯಿಂದ ಸಾಲ್ಮನ್ ಬೆಳೆಸಬಹುದೆಂದು ತೋರಿಸಿದ್ದರು. ಸಾಲ್ಮನ್ ಹುಟ್ಟುವುದು ಹೊಳೆಯಲ್ಲಿ. ಹೊಳೆಯ ಮೀನಿನ ಸರಪಳಿ ಉದ್ದ ಮಾಡುವ ವಿದ್ಯೆ ಅದಕ್ಕೆ ಅಷ್ಟಿಷ್ಟು ಉಳಿದಿದೆ. ಟರ್ಬಟ್ ಆಗಿದ್ದರೆ ಈ ಆಟ ನಡೆಯುತ್ತಿರಲಿಲ್ಲ. 2013ರ ಹೊತ್ತಿಗೆ ನಾರ್ವೆಯ ಮೇವಿನಲ್ಲಿ ಕಡಲಿನ ಪಾಲು ಸುಮಾರು ಶೇ. 30ಕ್ಕೆ ಇಳಿಯಿತು. ಮೀನು ಬೆಳೆಯಿತು, ಆರೋಗ್ಯವಾಗಿಯೂ ಕಂಡಿತು. ತಿನ್ನುವವರಿಗೆ ಮಾತ್ರ ಲೆಕ್ಕ ತಪ್ಪಿತು: 2006ರಿಂದ 2015ರ ನಡುವೆ ಸ್ಕಾಟ್ಲೆಂಡಿನ ಸಾಕು ಸಾಲ್ಮನ್‌ನ ಇಪಿಎ, ಡಿಎಚ್‌ಎ ಅರ್ಧಕ್ಕಿಳಿದಿದೆ ಎಂದು ಟೋಚರ್ ತಂಡವೇ 2016ರಲ್ಲಿ ಬರೆಯಿತು.

ಸರಪಳಿ ಉದ್ದ ಮಾಡುವ ಜೀನ್‌ಗಳನ್ನೂ ಈ ನಡುವೆ ಹಿಡಿದಿದ್ದರು. 2001ರಲ್ಲಿ ಜೀಬ್ರಾ ಮೀನಿನಲ್ಲಿ ಎರಡು ಹೆಜ್ಜೆಯ ಕೆಲಸವನ್ನು ಒಂದೇ ಕಿಣ್ವ ಮಾಡುವುದು ಕಂಡಿತು. 2010ರಲ್ಲಿ ಕಡಲಕಳೆ ಮೇಯುವ ರ‍್ಯಾಬಿಟ್‌ಫಿಶ್ ಎಂಬ ಮೀನು ಡಿಎಚ್‌ಎಯನ್ನು ನೆಟ್ಟಗೆ ತಯಾರಿಸಬಲ್ಲ ಕಿಣ್ವ ಇಟ್ಟುಕೊಂಡಿದೆ ಎಂದು ತಿಳಿಯಿತು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಅಂಥದು ಸಿಕ್ಕಿದ್ದು ಅದೇ ಮೊದಲು. ಕಡಲ ಮೀನಿಗೆ ಈ ವಿದ್ಯೆ ಬಾರದು ಎಂದು ಸಾರಿದ್ದ ಪುಸ್ತಕವನ್ನು ಮತ್ತೆ ತಿದ್ದಬೇಕಾಯಿತು. ಹಿಂದೂ ಮಹಾಸಾಗರದಲ್ಲೂ ಇರುವ ಮೀನು ಇದು.

ಮೀನು ಮಾಡದಿದ್ದರೆ ಗಿಡದಿಂದ ಮಾಡಿಸೋಣ ಎಂದು ಹೊರಟವರೂ ಇದ್ದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಕ್ಯಾಮಲೀನಾ ಗಿಡಕ್ಕೆ, ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒದಲ್ಲಿ ಕನೋಲಾ ಗಿಡಕ್ಕೆ ಪಾಚಿಯ ಜೀನ್ ಸೇರಿಸಿದರು. ಡಿಎಚ್‌ಎ ಕನೋಲಾಕ್ಕೆ 2018ರಲ್ಲಿ ಆಸ್ಟ್ರೇಲಿಯಾ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಪಾಚಿಯಂಥ ಸೂಕ್ಷ್ಮಜೀವಿಯನ್ನೇ ದೊಡ್ಡ ಹಂಡೆಗಳಲ್ಲಿ ಹುದುಗಿಸಿ ಎಣ್ಣೆ ತೆಗೆಯುವ ಕಾರ್ಖಾನೆ ತೆರೆಯಿತು. 2023ರ ಜೂನ್‌ನಲ್ಲಿ ಪೆರು ಸರ್ಕಾರ ಆ ಸಾಲಿನ ಮೊದಲ ಆಂಚೋವೆಟಾ ಋತುವನ್ನೇ ರದ್ದುಮಾಡಿದಾಗ ಮೀನೆಣ್ಣೆಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹಾರಿ, ಈ ಹೊಸ ಎಣ್ಣೆಗಳಿಗೆ ಗಿರಾಕಿ ಹೆಚ್ಚಿದರು.

ಎಷ್ಟು ಬೇಕು ಎಂಬ ಹಳೆಯ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸಾಲ್ಮನ್‌ಗೆ ಮೇವಿನ ಶೇ. 1ರಷ್ಟು ಇಪಿಎ, ಡಿಎಚ್‌ಎ ಇದ್ದರೆ ಸಾಕು ಎಂದು ತೊಟ್ಟಿಯ ಪ್ರಯೋಗಗಳು ಹೇಳಿದ್ದವು. ನಾರ್ವೆಯ ನೋಫಿಮಾ ಸಂಸ್ಥೆಯವರು ಅದೇ ಮೇವನ್ನು ಕಡಲಿನ ಪಂಜರಕ್ಕೆ ಒಯ್ದು ನೋಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಂಜರದ ಸಾಲ್ಮನ್‌ಗೆ ಮೈಗೆ ಕಚ್ಚುವ ಕಡಲಹೇನು ತೆಗೆಸುವ ಚಿಕಿತ್ಸೆ ಮಾಡಬೇಕು. ಬೆಚ್ಚಗಿನ ನೀರಿನ ದಿನಗಳಲ್ಲಿ ಆ ಹಿಡಿತ, ಎಳೆದಾಟ, ಗಾಬರಿ ಎಲ್ಲ ಆದಾಗ ಶೇ. 1ರ ಮೇವು ತಿಂದ ಮೀನುಗಳೇ ಹೆಚ್ಚು ಸತ್ತವು. ಅದಕ್ಕಿಂತ ಹೆಚ್ಚು ಎಣ್ಣೆ ಸಿಕ್ಕಿದ್ದವು ತಡೆದುಕೊಂಡವು.